ಆ ಕಾರಿನ ಡ್ರೈವರ್ ಹೆಸರು ಬಿಟ್ಟುಹೋಗಿದೆ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಸ್ಪೇನ್ ದೇಶದ ಹಳೆಯ ಕಾರೊಂದರ ಬಗ್ಗೆ ಪೂರ್ತಿ ಒಂದು ಪುಟ ಹಾಕಿದ್ದಿರಿ. ತೀರ್ಥಹಳ್ಳಿಯಲ್ಲಿ ಕೂತು ಅದನ್ನು ಮೂರು ಸಲ ಓದಿದವನು ನಾನೊಬ್ಬನೇ ಇರಬೇಕು. 1975ರಿಂದ 2009ರ ತನಕ ಇಲ್ಲಿ ಬಾಡಿಗೆ ಕಾರು ಓಡಿಸಿದ್ದೇನೆ. ಮೊದಲ ಒಂಬತ್ತು ವರ್ಷ ಬೇರೆಯವರ ಕಾರು, ಆಮೇಲೆ ನನ್ನದೇ ಅಂಬಾಸಿಡರ್. ಲೇಖನ ಓದಿ ಖುಷಿಯಾಯಿತು, ಸಿಟ್ಟೂ ಬಂತು. ಪತ್ರ ಉದ್ದವಾದರೆ ಎಲ್ಲಿ ಬೇಕಾದರೂ ಕತ್ತರಿಸಿ. ಕೊನೆಯ ಪ್ಯಾರಾ ಮಾತ್ರ ಮುಟ್ಟಬೇಡಿ.

ಹೆಸರಿನಿಂದಲೇ ಶುರು ಮಾಡುತ್ತೇನೆ. ಲೇಖನದ ತುಂಬ 'ಸೀಟ್ 1500' ಎಂದು ಅಚ್ಚಾಗಿದೆ. ಪಕ್ಕದ ಮನೆ ಹುಡುಗ ಓದಿ, 'ಅಜ್ಜ, ಇದು 1500 ಸೀಟಿನ ಬಸ್ಸಾ?' ಎಂದು ಕೇಳಿದ. ಅದು ಸೀಟ್ ಅಲ್ಲ, ಸೆಆಟ್. 'ಸ್ಪೇನಿನ ಪ್ರಯಾಣಿಕ ಕಾರು ಕಂಪನಿ' ಎನ್ನುವ ಉದ್ದದ ಹೆಸರಿನ ಮೊದಲ ಅಕ್ಷರಗಳು ಅವು. ಟ್ಯಾಕ್ಸಿಯವರು ಕಂಪನಿ ಹೆಸರು ಹೇಳುವುದೂ ಇಲ್ಲವಂತೆ. ಅವರ ಭಾಷೆಯಲ್ಲಿ ಒಂದೂವರೆ ಸಾವಿರ ಅಂದರೆ 'ಮಿಲ್ ಕಿನಿಯೆಂತೋಸ್'. ಅಷ್ಟೇ ಕಾರಿನ ಹೆಸರು.

ಇದೆಲ್ಲ ಇವನಿಗೆ ಹೇಗೆ ಗೊತ್ತು ಎಂದು ನೀವು ಕೇಳಬಹುದು. 2018ರಲ್ಲಿ ಮೂರು ತಿಂಗಳು ಬಾರ್ಸಿಲೋನಾದಲ್ಲಿ ಮಗಳ ಮನೆಯಲ್ಲಿದ್ದೆ. ಅಳಿಯನಿಗೆ ಅಲ್ಲಿ ಕೆಲಸ. ಎರಡು ವಾರ ಸಮುದ್ರ ನೋಡಿದೆ, ಚರ್ಚು ನೋಡಿದೆ, ಆಮೇಲೆ ಬೇಜಾರು ಹಿಡಿಯಿತು. ಒಂದು ಭಾನುವಾರ ಬೆಳಿಗ್ಗೆ ಅವರ ಬೀದಿ ಪಕ್ಕದ ಬಯಲಿನಲ್ಲಿ ಹಳೆ ಕಾರಿನವರು ಸೇರಿದ್ದರು. ಹದಿನೈದಿಪ್ಪತ್ತು ಕಾರು. ಅದರಲ್ಲಿ ಒಂದು ಕಪ್ಪು ಬಣ್ಣದ್ದು, ಬಾಗಿಲುಗಳು ಮಾತ್ರ ಹಳದಿ. ಮುಂಬೈ ಟ್ಯಾಕ್ಸಿಗೆ ಹಳದಿ ತಲೆಗೆ ಹಚ್ಚಿದ್ದರು, ಇವರು ಪಕ್ಕೆಗೆ ಹಚ್ಚಿದ್ದಾರೆ. ಹಿಂದಿನ ಎರಡು ಮೂಲೆಯಲ್ಲಿ ಸಣ್ಣ ರೆಕ್ಕೆ. ಸುತ್ತಲೂ ದೊಡ್ಡ ಗಾಜು. ಮುಂದೆ ಬೆಂಚಿನ ಹಾಗೆ ಒಂದೇ ಸೀಟು. ನಾನು ನಮಸ್ಕಾರ ಹೇಳುವುದನ್ನೂ ಮರೆತು ಕಿಟಕಿಯಲ್ಲಿ ತಲೆ ಹಾಕಿದೆ. ಸ್ಟೇರಿಂಗ್ ಗೇರು! ನಮ್ಮ ಅಂಬಾಸಿಡರಿನ ಹಾಗೆಯೇ ಸ್ಟೇರಿಂಗಿನ ಕೆಳಗಿಂದ ಚಾಚಿಕೊಂಡ ಗೇರು.

ಕಾರಿನ ಯಜಮಾನರು ನನಗಿಂತ ಏಳೆಂಟು ವರ್ಷ ದೊಡ್ಡವರು. ಬಾಗಿಲು ತೆಗೆದು ಕೂರಿಸಿದರು. ಅಲ್ಲಿ ಸ್ಟೇರಿಂಗ್ ಎಡಕ್ಕೆ, ಹಾಗಾಗಿ ಗೇರು ಬಲಗೈಗೆ. ನನ್ನ ಎಡಗೈ ತಾನಾಗಿಯೇ ಎದ್ದು ಗಾಳಿಯಲ್ಲಿ ಗೇರು ಹುಡುಕಿತು. ಅವರು ಅದನ್ನು ನೋಡಿ ಜೋರಾಗಿ ನಕ್ಕರು. ಈತ ಡ್ರೈವರ್ ಎಂದು ಯಾರೂ ಹೇಳಬೇಕಾಗಲಿಲ್ಲ. ಅವರೂ ಟ್ಯಾಕ್ಸಿಯವರೇ. ಅವರ ತಂದೆಯೂ ಟ್ಯಾಕ್ಸಿಯವರು. ಮಗಳು ಮಧ್ಯೆ ನಿಂತು ಅವರ ಮಾತು ನನಗೆ, ನನ್ನ ಮಾತು ಅವರಿಗೆ ದಾಟಿಸುತ್ತಾ ಹೋದಳು. 'ಅಪ್ಪಯ್ಯ, ಬಿಸಿಲು, ಸಾಕು ಬನ್ನಿ' ಎಂದು ಎರಡು ಸಲ ಕರೆದಳು. ಮೂರನೇ ಸಲ ಕರೆಯಲಿಲ್ಲ, ಪಕ್ಕದಲ್ಲೇ ಕೂತಳು. ಅವತ್ತು ಕೇಳಿದ್ದು ಅರ್ಧ. ಇನ್ನರ್ಧ ಆಮೇಲೆ ಅಳಿಯನ ಹತ್ತಿರ ಓದಿಸಿ ನನ್ನ ಹಳೇ ಟ್ರಿಪ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದುಕೊಂಡಿದ್ದು.

ಲೇಖನದಲ್ಲಿ ಈ ಕಾರು 'ಇಟಲಿಯ ಫಿಯಟ್‌ನ ನಕಲು' ಎಂದಿದೆ. ನಕಲು ಅಂದರೆ ಕದ್ದದ್ದು. ಇದು ಕದ್ದದ್ದಲ್ಲ, ಲೈಸೆನ್ಸ್ ತೆಗೆದುಕೊಂಡು ಮಾಡಿದ್ದು. ಆ ದೇಶದಲ್ಲಿ 1936ರಿಂದ 1939ರ ತನಕ ಅಂತರ್ಯುದ್ಧ, ಅಣ್ಣ ತಮ್ಮಂದಿರೇ ಹೊಡೆದಾಡಿಕೊಂಡರು. ಆಮೇಲೆ ಸರ್ವಾಧಿಕಾರಿ ಫ್ರಾಂಕೊ ಆಡಳಿತ. ಹೊರಗಿನ ಮಾಲು ತರಿಸಲು ದುಡ್ಡಿಲ್ಲ, ಅಪ್ಪಣೆಯೂ ಇಲ್ಲ. 1950ರಲ್ಲಿ ಸರ್ಕಾರದ ಕೈಗಾರಿಕಾ ಸಂಸ್ಥೆ, ಬ್ಯಾಂಕುಗಳು ಮತ್ತು ಫಿಯಟ್ ಸೇರಿ ಸೆಆಟ್ ಶುರು ಮಾಡಿದವು. ಬಾರ್ಸಿಲೋನಾ ಬಂದರಿನ ಹತ್ತಿರ ಕಾರ್ಖಾನೆ. ಮೊದಲ ಕಾರು 1953ರ ನವೆಂಬರ್ 13ರಂದು ಹೊರಗೆ ಬಂತು. ಅದು ಸೆಆಟ್ 1400. ಶುರುವಿನಲ್ಲಿ ದಿನಕ್ಕೆ ಐದೇ ಕಾರು. ಬಡ ದೇಶ ಮೊದಲು ಸಣ್ಣ ಕಾರು ಮಾಡಬೇಕಿತ್ತು, ಅಲ್ವಾ? ಇವರು ದೊಡ್ಡ ಕಾರಿನಿಂದ ಶುರು ಮಾಡಿದರು. ಕೊಳ್ಳುವ ಶಕ್ತಿ ಇದ್ದವರು ಮಂತ್ರಿಗಳು, ಅಧಿಕಾರಿಗಳು, ದೊಡ್ಡ ಡಾಕ್ಟರುಗಳು, ಕಂಪನಿ ಮ್ಯಾನೇಜರುಗಳು. ಜನಸಾಮಾನ್ಯರ ಸಣ್ಣ ಕಾರು, ಅಂದರೆ ಸೆಆಟ್ 600, ಬಂದಿದ್ದು 1957ರಲ್ಲಿ.

ನಮ್ಮಲ್ಲೂ ಅದೇ ಕಾಲ, ಅದೇ ಕಥೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಗಾಳದ ಉತ್ತರಪಾರಾಕ್ಕೆ ಬಂದು ಅಂಬಾಸಿಡರ್ ಆಯಿತು. ಇಟಲಿಯ ಫಿಯಟ್ 1100 ಮುಂಬೈನ ಕುರ್ಲಾದಲ್ಲಿ ಪದ್ಮಿನಿ ಆಯಿತು. ಪದ್ಮಿನಿಯನ್ನು ನಕಲು ಎಂದು ಕರೆದರೆ ನಮ್ಮ ಕೊಪ್ಪ ಸರ್ಕಲ್ಲಿನ ಹಳೇ ಡ್ರೈವರುಗಳು ನಿಮ್ಮ ಆಫೀಸಿಗೇ ಬಂದಾರು.

1960ರಲ್ಲಿ 1400 ಕಾರಿಗೆ ಫಿಯಟ್‌ನ ಹೊಸ ದೊಡ್ಡ ಮೈ ಹಾಕಿದರು. ಮೈ ಹೊಸದು, ಎಂಜಿನ್ ಹಳೆಯದು. 1963ರಲ್ಲಿ ಎಂಜಿನ್ನೂ ಹೊಸದಾಯಿತು, ಹೆಸರು 1500 ಆಯಿತು. 1481 ಸಿಸಿ, 72 ಕುದುರೆ ಶಕ್ತಿ. ಆ ಎಂಜಿನ್ ವಂಶದ ನಕ್ಷೆ ಹಾಕಿದವರು ಔರೇಲಿಯೊ ಲಾಂಪ್ರೆದಿ. ಫಿಯಟ್‌ಗೆ ಬರುವ ಮೊದಲು ಅವರು ಫೆರಾರಿಯಲ್ಲಿ ರೇಸ್ ಕಾರಿನ ಎಂಜಿನ್ ಮಾಡಿದವರು. ನನ್ನ ಅಂಬಾಸಿಡರ್ ಪೆಟ್ರೋಲ್ ಎಂಜಿನ್ 1489 ಸಿಸಿ. ಎರಡಕ್ಕೂ ಇರುವ ವ್ಯತ್ಯಾಸ ಎಂಟೇ ಸಿಸಿ. ಮಗುವಿಗೆ ಕುಡಿಸುವ ಕೆಮ್ಮಿನ ಔಷಧಿ ಒಂದೂವರೆ ಚಮಚ ಎಂದುಕೊಳ್ಳಿ. ಆದರೆ ಅವರ ಎಂಜಿನ್ನಿಗೆ ನಮ್ಮದಕ್ಕಿಂತ ತಾಕತ್ತು ಜಾಸ್ತಿ. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ರಾತ್ರಿ ಬೇಕಾಯಿತು.

ನಿಮ್ಮ ಲೇಖಕರು ಶೋರೂಮಿನ ತನಕ ಚೆನ್ನಾಗಿ ಬರೆದಿದ್ದಾರೆ. ಕ್ರೋಮ್ ಪಟ್ಟಿ, 1969ರಲ್ಲಿ ಬಂದ ನಾಲ್ಕು ಹೆಡ್‌ಲೈಟು, ಹಿಂದಿನ ಸೀಟಿನಲ್ಲಿ ಕೂತ ದೊಡ್ಡವರು, ಎಲ್ಲವೂ ಇದೆ. ದೊಡ್ಡವರು ಇಳಿದ ಮೇಲೆ ಕಾರು ಎಲ್ಲಿಗೆ ಹೋಯಿತು ಎನ್ನುವುದೇ ಇಲ್ಲ. ಅದು ಟ್ಯಾಕ್ಸಿ ಸ್ಟ್ಯಾಂಡಿಗೆ ಹೋಯಿತು, ಸ್ವಾಮಿ. ಹೊಸ ಕಾರುಗಳೂ ಸೀದಾ ಅಲ್ಲಿಗೇ ಹೋದವು. ಬಾರ್ಸಿಲೋನಾದಲ್ಲಿ ಕಪ್ಪು ಹಳದಿ, ಮ್ಯಾಡ್ರಿಡ್‌ನಲ್ಲಿ ಕಪ್ಪಿಗೆ ಕೆಂಪು ಪಟ್ಟಿ. ಒಂದು ಲಕ್ಷಕ್ಕೂ ಜಾಸ್ತಿ ಸೆಆಟ್ 1500 ತಯಾರಾದವು. ಅಷ್ಟೊಂದು ಮಂತ್ರಿಗಳು ಯಾವ ದೇಶದಲ್ಲಿದ್ದಾರೆ? ಇಟಲಿಯಲ್ಲಿ ಈ ಮೈಯ ಕಾರು 1968ಕ್ಕೇ ನಿಂತುಹೋಯಿತು. ಸ್ಪೇನಿನಲ್ಲಿ 1972ರ ತನಕ ಮಾಡಿಸಿದ್ದು ಟ್ಯಾಕ್ಸಿಯವರ ಬೇಡಿಕೆ ಎಂದು ಆ ಹಿರಿಯರು ಎದೆ ತಟ್ಟಿ ಹೇಳಿದರು. ಡ್ರೈವರುಗಳು ಸ್ವಲ್ಪ ಸೇರಿಸಿ ಹೇಳುತ್ತೇವೆ, ಅದು ಇದ್ದದ್ದೇ. ಆದರೂ ಲೆಕ್ಕ ಸರಿ ಕಾಣುತ್ತದೆ.

ಟ್ಯಾಕ್ಸಿ ಅಂದ ಮೇಲೆ ಡೀಸೆಲ್. ಪೆಟ್ರೋಲ್ ಹಾಕಿ ಇಷ್ಟು ದೊಡ್ಡ ಕಾರು ಬಾಡಿಗೆಗೆ ಓಡಿಸಿದರೆ ಮನೆಗೆ ಅಕ್ಕಿ ಬರುವುದಿಲ್ಲ. ಅರವತ್ತರ ದಶಕದ ಕೊನೆಗೆ ಸೆಆಟ್ ಕಂಪನಿಯೇ 1500 ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿತು. ಎಂಜಿನ್ ಮರ್ಸಿಡಿಸ್ ಬೆಂಜ್‌ನದು. ಆ ಹಿರಿಯರು ಬಾನೆಟ್ ತಟ್ಟಿ 'ಬೆಂಜ್, ಬೆಂಜ್' ಎಂದರು. ನನಗೆ ಮಗಳ ಸಹಾಯವೇ ಬೇಕಾಗಲಿಲ್ಲ. ನಾನು 1967ರಲ್ಲಿ ಕ್ಲೀನರ್ ಆಗಿ ಹತ್ತಿದ ಬಸ್ಸೂ ಬೆಂಜೇ. ಟಾಟಾದವರು 1954ರಿಂದ ಹದಿನೈದು ವರ್ಷ ಬೆಂಜ್ ಜೊತೆ ಸೇರಿ ಲಾರಿ, ಬಸ್ಸು ಮಾಡುತ್ತಿದ್ದರಲ್ಲ, ಮೂತಿಯ ಮೇಲೆ ಮೂರು ಕಡ್ಡಿಯ ನಕ್ಷತ್ರ. ನಮ್ಮ ಮಲೆನಾಡಿನ ಅಜ್ಜಂದಿರು ಇವತ್ತಿಗೂ ಟಾಟಾ ಲಾರಿಗೆ ಬೆಂಜ್ ಎನ್ನುತ್ತಾರೆ. ಸ್ಪೇನಿನ ಟ್ಯಾಕ್ಸಿಗೂ ತೀರ್ಥಹಳ್ಳಿ ಬಸ್ಸಿಗೂ ಒಂದೇ ಮನೆತನದ ಹೊಟ್ಟೆ.

ನನ್ನ ಕಾರಿಗೆ ಡೀಸೆಲ್ ಹಾಕಿಸಿದ ಕಥೆಯನ್ನೂ ಹೇಳಿಬಿಡುತ್ತೇನೆ. ಅದು 1974ರ ಗಾಡಿ. ಅಡಿಕೆ ಸಾಹುಕಾರರೊಬ್ಬರು ತಮ್ಮ ಮನೆಗೆಂದು ತಂದಿದ್ದು. ಹತ್ತು ವರ್ಷದ ಮೇಲೆ ನಾನು ಕೊಂಡೆ. 1988ರಲ್ಲಿ ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಹಳೇ ಡೀಸೆಲ್ ಎಂಜಿನ್ ಕೂರಿಸಿದರು. ಗ್ಯಾರೇಜಿನ ಹೆಸರು ಬೇಡ. ಡೀಸೆಲ್ ಎಂಜಿನ್ನಿನ ಅದುರು ಜಾಸ್ತಿ, ಅದಕ್ಕೆ ತಕ್ಕ ಮೌಂಟಿಂಗ್, ಅಂದರೆ ಎಂಜಿನ್ ಕೂರುವ ರಬ್ಬರ್, ಹಾಕಬೇಕು. ಹಳೇ ರಬ್ಬರನ್ನೇ ತಿರುಗಿಸಿ ಹಾಕಿ ಕಳಿಸಿದ್ದರು. ಮೂರನೇ ವಾರ, ಜುಲೈ ತಿಂಗಳ ಜಡಿಮಳೆ, ಆಗುಂಬೆ ಘಾಟಿ. ಹದಿನಾಲ್ಕು ತಿರುವಿನಲ್ಲಿ ಆರೋ ಏಳೋ ಇಳಿದಿದ್ದೇನೆ, ಎಂಜಿನ್ ಮುಂದಕ್ಕೆ ಜಾರಿ ಫ್ಯಾನು ರೇಡಿಯೇಟರಿಗೆ ಹೊಡೆಯಿತು. ಕರಕರ ಶಬ್ದ, ಮತ್ತೆ ಬಿಳೀ ಹೊಗೆ. ಮಣಿಪಾಲಕ್ಕೆ ತೋರಿಸಲು ಹೊರಟಿದ್ದ ಅಮ್ಮನೊಬ್ಬರು ಹಿಂದೆ ಕೂತಿದ್ದರು. ಅವರನ್ನು ಬೇರೆ ಕಾರಿಗೆ ಹತ್ತಿಸಿ, ನಾನು ಕಂಬಳಿ ಹೊದ್ದು ರಸ್ತೆ ಬದಿ ಕೂತೆ. ಸಂಜೆಯ ಹೊತ್ತಿಗೆ ಎರಡೂ ಕಾಲಿಗೆ ಉಂಬಳ, ಅಂದರೆ ರಕ್ತ ಹೀರುವ ಜಿಗಣೆ. ಬಾರ್ಸಿಲೋನಾದ ಹಿರಿಯರಿಗೆ ಇದನ್ನು ಹೇಳಿದೆ. ಎಂಜಿನ್ ಜಾರಿದ್ದು ಅವರಿಗೆ ತಕ್ಷಣ ಅರ್ಥವಾಯಿತು. ಉಂಬಳ ಅಂದರೆ ಏನು ಎಂದು ವಿವರಿಸುವಷ್ಟರಲ್ಲಿ ಮಗಳಿಗೆ ಸಾಕುಸಾಕಾಯಿತು.

ಸ್ಪೇನಿನಲ್ಲಿ ಸೆಆಟ್ 1500 ಆಂಬುಲೆನ್ಸೂ ಆಗಿತ್ತು, ಹೆಣ ಸಾಗಿಸುವ ಗಾಡಿಯೂ ಆಗಿತ್ತು. ಬಾಡಿ ಕಟ್ಟುವವರು ಉದ್ದ ಮಾಡಿ ಕೊಡುತ್ತಿದ್ದರಂತೆ. ನಮಗೆ ಉದ್ದ ಮಾಡಿ ಕೊಡುವವರು ಇರಲಿಲ್ಲ. ಇದ್ದ ಸೀಟಿನಲ್ಲೇ ಸಾಗಿಸುತ್ತಿದ್ದೆವು. ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ರಾತ್ರೋರಾತ್ರಿ ಊರಿಗೆ ತರಬೇಕು. ಬೇರೆ ಗಾಡಿ ಯಾರೂ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿಸಿ, ಮಂಡಿ ಸ್ವಲ್ಪ ಮಡಿಸಿ, ತಲೆಯನ್ನು ಮಗನೋ ತಮ್ಮನೋ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಒಬ್ಬರು ಭಾರೀ ಎತ್ತರದ ಆಳು, ಬಾಗಿಲು ಹಾಕಲು ಆಗಲಿಲ್ಲ. ಸೋಮೇಶ್ವರದಿಂದ ಆಗುಂಬೆ ತನಕ ಬಾಗಿಲನ್ನು ಹಗ್ಗದಲ್ಲಿ ಕಟ್ಟಿಕೊಂಡು ಹತ್ತಿದೆ. ಮನೆ ಮುಟ್ಟಿದ ಮೇಲೆ ಕಾರು ತೊಳೆದು, ಡ್ಯಾಶ್‌ಬೋರ್ಡಿಗೆ ಕುಂಕುಮ ಹಚ್ಚಿ, ಬೆಳಿಗ್ಗೆ ಮತ್ತೆ ಸ್ಟ್ಯಾಂಡಿಗೆ. ಅವತ್ತೇ ಮಧ್ಯಾಹ್ನ ಅದೇ ಸೀಟಿನಲ್ಲಿ ಮದುವೆ ಹೆಣ್ಣು. ಇಬ್ಬರಿಗೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು.

ಈಗ ದೊಡ್ಡ ತಪ್ಪಿಗೆ ಬರುತ್ತೇನೆ. ಲೇಖನದ ಅರ್ಧ ಜಾಗ 1973ರ ಡಿಸೆಂಬರ್ 20ರ ಬಾಂಬ್ ಸ್ಫೋಟಕ್ಕೆ ಹೋಗಿದೆ. ಮ್ಯಾಡ್ರಿಡ್‌ನ ಕ್ಲಾಡಿಯೊ ಕೊಯೆಲ್ಲೊ ಬೀದಿಯಲ್ಲಿ ಸ್ಪೇನಿನ ಪ್ರಧಾನಿ ಕರೇರೊ ಬ್ಲಾಂಕೊ ಅವರ ಕಾರು ಹಾರಿಹೋಗಿದ್ದು ನಿಜ. ಬಾಸ್ಕ್ ನಾಡು ಬೇರೆಯಾಗಬೇಕು ಎನ್ನುತ್ತಿದ್ದ ಎಟಾ ಸಂಘಟನೆಯವರು ರಸ್ತೆಯ ಅಡಿಗೆ ಸುರಂಗ ತೋಡಿ ಸಿಡಿಮದ್ದು ಇಟ್ಟಿದ್ದರು. ಕಾರು ಕಟ್ಟಡದ ಮೇಲಿಂದ ಹಾರಿ ಒಳಗಿನ ತಾರಸಿಯ ಮೇಲೆ ಬಿತ್ತು. ಆದರೆ ಅದು ಸೆಆಟ್ 1500 ಅಲ್ಲ! ನೀವು ಸೆಆಟ್ ಚಿತ್ರದ ಕೆಳಗೆ ಈ ಕಥೆ ಹಾಕಿದ್ದೀರಿ. ಅದು ಡಾಡ್ಜ್ 3700 ಜಿಟಿ. ಮಾಡಿದ್ದು ಬೇರೆ ಕಾರ್ಖಾನೆ, ಮ್ಯಾಡ್ರಿಡ್‌ನ ವಿಯಾವೆರ್ದೆಯಲ್ಲಿ. ಎಂಜಿನ್ ಆರು ಸಿಲಿಂಡರಿನದು, 3.7 ಲೀಟರ್, ಅಮೆರಿಕದ ಕ್ರೈಸ್ಲರ್ ಕುಲದ್ದು. ಸೆಆಟ್ 1500ಗಿಂತ ಒಂದು ಮೆಟ್ಟಿಲು ಮೇಲಿನ ಕಾರು. ಸೆಆಟ್ ಟ್ಯಾಕ್ಸಿ ಆಗುತ್ತಾ ಬಂದ ಹಾಗೆ ದೊಡ್ಡವರು ಡಾಡ್ಜ್‌ಗೆ ಜರುಗಿದ್ದರು. ಇನ್ನೇನು, ತಾವು ಕೂತ ಕಾರಿನಲ್ಲೇ ನಾಳೆ ಗುಮಾಸ್ತ ಬಾಡಿಗೆ ಕೊಟ್ಟು ಕೂತರೆ ಅವರಿಗೆ ಸಹಿಸುತ್ತದೆಯೇ?

ಆ ಕಾರ್ಖಾನೆ ಕಟ್ಟಿದವರ ಕಥೆಯೂ ನಿಮ್ಮ ಲೇಖಕರಿಗೆ ಸಿಕ್ಕಿಲ್ಲ. ಎಡ್ವಾರ್ಡೊ ಬರೈರೋಸ್. ಒರೆನ್ಸೆ ಎನ್ನುವ ಬೆಟ್ಟದ ಸೀಮೆಯಲ್ಲಿ ಅವರ ಅಪ್ಪನಿಗೆ ಬಸ್ಸು ಇತ್ತು. ಹುಡುಗ ಟಿಕೆಟ್ ಹರಿಯುತ್ತಾ, ರಿಪೇರಿ ಮಾಡುತ್ತಾ ಬೆಳೆದವರು. ಯುದ್ಧ ಮುಗಿದ ಮೇಲೆ ಆ ದೇಶದಲ್ಲಿ ರಷ್ಯಾದ ಪೆಟ್ರೋಲ್ ಲಾರಿಗಳು ಉಳಿದುಹೋಗಿದ್ದವು. ಅವುಗಳ ಎಂಜಿನ್ನನ್ನು ಡೀಸೆಲ್‌ಗೆ ಬದಲಾಯಿಸುವ ಕೆಲಸದಿಂದ ಮೇಲೆ ಬಂದರು. ನಮ್ಮ ಮಲೆನಾಡಿನ ಯಾವ ಬಸ್ ಮೆಕ್ಯಾನಿಕ್ಕನ್ನು ಕೇಳಿದರೂ ಇವರನ್ನು ತನ್ನವರೆಂದೇ ಹೇಳುತ್ತಾನೆ. ಲಾರಿ ಮಾಡಿದರು, ಟ್ರ್ಯಾಕ್ಟರ್ ಮಾಡಿದರು, 1965ರಲ್ಲಿ ಡಾಡ್ಜ್ ಡಾರ್ಟ್ ತಂದರು. ಕೊನೆಗೆ ಕ್ರೈಸ್ಲರ್‌ನವರ ಕೈ ಮೇಲಾಗಿ 1969ರಲ್ಲಿ ತಮ್ಮ ಕಂಪನಿಯಿಂದ ತಾವೇ ಹೊರಗೆ ಬಂದರು. ಆಮೇಲೆ ಕ್ಯೂಬಾಕ್ಕೆ ಹೋಗಿ ಅಲ್ಲೂ ಡೀಸೆಲ್ ಎಂಜಿನ್ ಮಾಡುತ್ತಾ 1992ರಲ್ಲಿ ಹವಾನಾದಲ್ಲಿ ತೀರಿಕೊಂಡರು. ಕರೇರೊ ಬ್ಲಾಂಕೊ ಕಾರು ಹಾರಿದಾಗ ಕಾರ್ಖಾನೆ ಅವರ ಕೈಯಲ್ಲಿರಲಿಲ್ಲ.

ಕಾರಿನ ಹೆಸರು ತಪ್ಪಾಗಿದ್ದಕ್ಕೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಲೇಖನದಲ್ಲಿ ಒಂದು ಸಾಲು ಇದೆ: 'ಪ್ರಧಾನಿ ಹಾಗೂ ಚಾಲಕ ಸೇರಿ ಮೂವರು ಮೃತಪಟ್ಟರು'. ಈ 'ಚಾಲಕ ಸೇರಿ' ಎನ್ನುವ ಮಾತು ನನಗೆ ಮೊದಲಿಂದ ಗೊತ್ತು. 1991ರಲ್ಲಿ ನಮ್ಮ ಸ್ಟ್ಯಾಂಡಿನ ಒಬ್ಬ ಮಾಸ್ತಿಕಟ್ಟೆ ಹತ್ತಿರ ಲಾರಿಗೆ ಗುದ್ದಿ ಸತ್ತ. ಜೊತೆಗೆ ಬಾಡಿಗೆಗೆ ಬಂದ ಇಬ್ಬರು. ಮರುದಿನ ಪೇಪರಿನಲ್ಲಿ ಆ ಇಬ್ಬರ ಹೆಸರು, ಊರು, ಯಾವ ಮನೆತನ, ಎಷ್ಟು ಜನ ಮಕ್ಕಳು, ಎಲ್ಲ ಇತ್ತು. ಇವನದ್ದು 'ಚಾಲಕ ಸೇರಿ'. ಯಾವ ಪೇಪರು ಎಂದು ಈಗ ಹೇಳುವುದಿಲ್ಲ, ಅದೆಲ್ಲ ಹಳೇ ಮಾತು. ಅವನ ಹೆಂಡತಿ ಆ ಪೇಪರ್ ತುಂಡನ್ನು ನನಗೆ ತೋರಿಸಿ, 'ಭಾವ, ಇದರಲ್ಲಿ ಇವರದ್ದು ಎಲ್ಲಿದೆ ಓದಿ' ಎಂದಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ನಾನು ಇಲ್ಲದ ಹೆಸರನ್ನು ಇದೆ ಎಂದು ಓದಿ ಹೇಳಿದೆ.

ಪ್ರಧಾನಿಯ ಡ್ರೈವರ್ ಕೆಲಸ ನಮಗಿಂತ ಕಷ್ಟ ಎಂದು ಬಾರ್ಸಿಲೋನಾದ ಆ ಹಿರಿಯರೂ ಹೇಳಿದರು. ದಿನಾ ಬೆಳಿಗ್ಗೆ ಅದೇ ಚರ್ಚು, ಅದೇ ಹೊತ್ತು, ಅದೇ ಬೀದಿ. ಸಾಹೇಬರು ದಾರಿ ಬದಲಾಯಿಸು ಎನ್ನುವ ತನಕ ಡ್ರೈವರ್ ಬದಲಾಯಿಸುವ ಹಾಗಿಲ್ಲ. ಆ ದಿನಚರಿ ನೋಡಿಕೊಂಡೇ ಎಟಾದವರು ಸುರಂಗ ತೋಡಿದ್ದು. ನನಗೆ ಡ್ರೈವಿಂಗ್ ಲೈಸೆನ್ಸ್ ಬಂದಿದ್ದೂ 1973ರಲ್ಲಿ. ಆ ಡಾಡ್ಜ್ ಕಾರು ಈಗ ಟೊಲೆಡೊ ಊರಿನ ಸೈನ್ಯದ ಮ್ಯೂಸಿಯಂನಲ್ಲಿದೆ. ಅಳಿಯ ಫೋಟೊ ತೋರಿಸಿದ. ಜನ ಹಿಂದಿನ ಸೀಟಿನ ಕಡೆಗೇ ಬಗ್ಗಿ ನೋಡುತ್ತಾರಂತೆ. ನಾನು ಮುಂದಿನ ಸೀಟು ನೋಡಿದೆ.

ತಿದ್ದುಪಡಿ ಹಾಕುವಾಗ ಎರಡು ವಿಷಯ ದಯವಿಟ್ಟು ಹಾಕಿ. ಒಂದು, ಕಾರು ಡಾಡ್ಜ್ 3700 ಜಿಟಿ. ಎರಡು, ಅವತ್ತು ಸತ್ತ ಅಂಗರಕ್ಷಕ ಪೊಲೀಸ್ ಇನ್‌ಸ್ಪೆಕ್ಟರ್ ಹುವಾನ್ ಆಂಟೋನಿಯೊ ಬ್ವೆನೊ ಫರ್ನಾಂಡೆಸ್, ಸ್ಟೇರಿಂಗ್ ಹಿಡಿದಿದ್ದವರು ಹೋಸೆ ಲೂಯಿಸ್ ಪೆರೆಸ್ ಮೊಹೆನಾ. ಇಂಗ್ಲಿಷ್ ಅಕ್ಷರ ನೋಡಿಕೊಂಡು ಬರೆದರೆ 'ಜೋಸ್', 'ಮೊಗೆನಾ' ಎಂದಾಗಿಬಿಡುತ್ತದೆ. ಹಾಗಲ್ಲ. ಮಗಳಿಗೆ ಫೋನ್ ಮಾಡಿ ಎರಡು ಸಲ ಹೇಳಿಸಿ, ಅಕ್ಷರ ಬಿಡಿಸಿ ಬರೆದುಕೊಂಡಿದ್ದೇನೆ. ಮೊ, ಹೆ, ನಾ.

ಇಂತಿ ನಿಮ್ಮ ಓದುಗ,
ನಿವೃತ್ತ ಬಾಡಿಗೆ ಕಾರು ಚಾಲಕ,
ಕುರುವಳ್ಳಿ, ತೀರ್ಥಹಳ್ಳಿ